ಮಹಾಗೋಡೆ, ಶಾಂಘೈ ಬಿಟ್ಟರೆ ಚೀನಾದಲ್ಲಿ ನೆನಪಿನಲ್ಲಿ ಉಳಿಯುವಂಥದ್ದು ಏನಿದೆ?

ಎರಡು ವಾರ ಕೈಯಲ್ಲಿದೆ, ಎಲ್ಲರೂ ಹೇಳುವ ಮಹಾಗೋಡೆ ಮತ್ತು ಶಾಂಘೈ ಬಿಟ್ಟು ಮನಸ್ಸಿನಲ್ಲಿ ನಿಲ್ಲುವಂಥದ್ದು ಏನು ಎಂದು ಕೇಳಿದ್ದೀರಿ. ನನ್ನ ಉತ್ತರ ಮೂರು ಊರುಗಳು: ಶಿಯಾನ್, ಡನ್‌ಹುವಾಂಗ್, ಚುವಾನ್‌ಝೌ. ಮೂರೂ ಭಾರತದಿಂದ ಚೀನಾಕ್ಕೆ ಹೋದ ಹಳೆಯ ದಾರಿಗಳ ಮೇಲಿವೆ. ಮೊದಲೆರಡು ಮರುಭೂಮಿಯ ದಾರಿಯಲ್ಲಿ, ಮೂರನೆಯದು ಕಡಲ ದಾರಿಯಲ್ಲಿ.

ಗೋಡೆಯನ್ನು ಬಿಡಲು ಮನಸ್ಸಾಗದಿದ್ದರೆ ಎಲ್ಲರೂ ಹೋಗುವ ಬಾದಾಲಿಂಗ್ ಭಾಗದ ನೂಕುನುಗ್ಗಲಿಗೆ ಹೋಗಬೇಡಿ. ಬೀಜಿಂಗ್‌ನಿಂದ ಸುಮಾರು 70 ಕಿ.ಮೀ. ದೂರದ ಮುಟಿಯಾನ್ಯು ಭಾಗಕ್ಕೆ ಹೋಗಿ. ಕೇಬಲ್ ಕಾರು 14ನೇ ಗೋಪುರಕ್ಕೆ ಏರಿಸುತ್ತದೆ, ಜಾರುಬಂಡಿ 6ನೇ ಗೋಪುರದ ಬಳಿಯಿಂದ ಇಳಿಸುತ್ತದೆ. ಎರಡನ್ನೂ ಬೇರೆ ಬೇರೆ ಕಂಪನಿಗಳು ನಡೆಸುವುದರಿಂದ ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯುವುದಿಲ್ಲ. ಹತ್ತಲು ಒಂದು, ಇಳಿಯಲು ಒಂದು ಎಂದು ಒಮ್ಮುಖದ ಟಿಕೆಟ್‌ಗಳನ್ನೇ ಕೊಳ್ಳಿ.

ಶಿಯಾನ್‌ಗೆ ಬೀಜಿಂಗ್ ಪಶ್ಚಿಮ ನಿಲ್ದಾಣದಿಂದ ವೇಗದ ರೈಲಿನಲ್ಲಿ ನಾಲ್ಕೂವರೆಯಿಂದ ಆರು ಗಂಟೆ. ಚೀನಾದ ಮೊದಲ ಚಕ್ರವರ್ತಿಯ ಸಮಾಧಿಯ ಬಳಿ ಗುಂಡಿಗಳಲ್ಲಿ ಹೂತಿಟ್ಟಿದ್ದ ಮಣ್ಣಿನ ಸೈನಿಕರನ್ನು ನೋಡಲು ಮೆಟ್ರೋ 9ನೇ ಮಾರ್ಗದಲ್ಲಿ ಹುವಾಚಿಂಗ್ ಚಿ ನಿಲ್ದಾಣಕ್ಕೆ ಹೋಗಿ ಅಲ್ಲಿಂದ ಬಸ್ಸು ಹಿಡಿಯಿರಿ. ಅಲ್ಲಿ ನೋಡುವ ಕ್ರಮ ಮುಖ್ಯ. ಎಲ್ಲರೂ ನೇರ 1ನೇ ಗುಂಡಿಗೆ ನುಗ್ಗುತ್ತಾರೆ. 230 ಮೀಟರ್ ಉದ್ದದ ಆ ಗುಂಡಿಯನ್ನು ಕಂಡ ಮೇಲೆ ಉಳಿದೆರಡು ಸಪ್ಪೆ ಎನಿಸುತ್ತವೆ. 3, 2, ಕೊನೆಗೆ 1 ಎಂದು ಬನ್ನಿ. 2ನೇ ಗುಂಡಿಯಲ್ಲಿ ಗಾಜಿನೊಳಗಿಟ್ಟ ಕೆಲವು ಮೂರ್ತಿಗಳನ್ನು ಹತ್ತಿರದಿಂದ ನೋಡಬಹುದು, ಬಣ್ಣದ ಕುರುಹು ಹುಡುಕಿ. ಇವರೆಲ್ಲ ಬಣ್ಣ ಬಳಿದುಕೊಂಡೇ ಮಣ್ಣಿಗೆ ಹೋದವರು. ಬಣ್ಣದ ಅಡಿಯಲ್ಲಿದ್ದ ಮರದ ರಸದ ಮೆರುಗಿನ ಪದರ ಒಣಗಾಳಿ ತಾಗಿದ ಕೆಲವೇ ನಿಮಿಷಗಳಲ್ಲಿ ಸುರುಳಿ ಸುತ್ತಿ ಉದುರುತ್ತದೆ, ಅದಕ್ಕೇ ಈಗ ಬರೀ ಮಣ್ಣಿನ ಬಣ್ಣ ಕಾಣುವುದು. ಕಂಚಿನ ರಥಗಳು ಇರುವುದು ಇಲ್ಲಿಂದ ಸ್ವಲ್ಪ ದೂರದ ಲಿಶಾನ್ ಉದ್ಯಾನದಲ್ಲಿ. ಅದೇ ಟಿಕೆಟ್ಟಿನಲ್ಲಿ ಉಚಿತ ಬಸ್ಸೂ ಇದೆ. ತಿಳಿಯದೆ ಎಷ್ಟೋ ಜನ ಅದನ್ನು ನೋಡದೇ ಮರಳುತ್ತಾರೆ.

ಶಿಯಾನ್‌ನಲ್ಲಿ ಕನ್ನಡಿಗರು ತಪ್ಪದೆ ನೋಡಬೇಕಾದದ್ದು ಕ್ರಿ.ಶ. 652ರ ದೊಡ್ಡ ಹೆಬ್ಬಾತು ಪಗೋಡ. ಹ್ಯುಯೆನ್ ತ್ಸಾಂಗ್ ಭಾರತದಿಂದ ತಂದ ಗ್ರಂಥಗಳನ್ನೂ ಮೂರ್ತಿಗಳನ್ನೂ ಇಡಲು ಕಟ್ಟಿದ್ದು ಇದು. ಹರ್ಷನಿಗೆ ಮಣಿಯದ ನಮ್ಮ ಇಮ್ಮಡಿ ಪುಲಿಕೇಶಿಯ ವಿಷಯ ಬರೆದಿಟ್ಟ ಯಾತ್ರಿಕ ಇವನೇ. ಶಾಲೆಯಲ್ಲಿ ಓದಿದ ಆ ಪಾಠದ ಇನ್ನೊಂದು ತುದಿ ಇಲ್ಲಿದೆ. ಪಗೋಡ ಹತ್ತಲು ಬೇರೆಯೇ ಟಿಕೆಟ್ ಬೇಕು.

ಇನ್ನು ಡನ್‌ಹುವಾಂಗ್. ಒಂದೇ ಜಾಗಕ್ಕೆ ಸಮಯವಿದೆ ಎಂದರೆ ನಾನು ಇದನ್ನೇ ಹೇಳುತ್ತೇನೆ. ಇಲ್ಲಿನ ಮೊಗಾವೊ ಬೌದ್ಧ ಗುಹೆಗಳನ್ನು ಕೊರೆಯಲು ಆರಂಭಿಸಿದ್ದು ಕ್ರಿ.ಶ. 366ರಲ್ಲಿ. ಚಿತ್ರಗಳೂ ಶಿಲ್ಪಗಳೂ ಉಳಿದಿರುವ ಗುಹೆಗಳೇ 492 ಇವೆ. ಬಾದಾಮಿಯಲ್ಲಿ ಮರಳುಗಲ್ಲನ್ನೇ ಕಡೆದು ಮೂರ್ತಿ ಮಾಡಿದ್ದಾರೆ. ಮೊಗಾವೊದ ಬಂಡೆ ಮಣ್ಣು, ನುರುಜುಗಲ್ಲು ಬೆರೆತ ಸಡಿಲ ಬಂಡೆ, ಉಳಿಗೆ ನಿಲ್ಲುವುದಿಲ್ಲ. ಹಾಗಾಗಿ ಮರ ಮತ್ತು ಹುಲ್ಲಿನ ಹಂದರಕ್ಕೆ ಮಣ್ಣು ಮೆತ್ತಿ ಮೂರ್ತಿ ಮಾಡಿದರು, ಗೋಡೆಗೆ ಹುಲ್ಲು ಬೆರೆಸಿದ ಮಣ್ಣಿನ ಗಿಲಾವು ಕೊಟ್ಟು ಒಣಗಿದ ಮೇಲೆ ಚಿತ್ರ ಬರೆದರು. ಹಳೆಯ ಗುಹೆಗಳಲ್ಲಿ ಕೆಲವು ಮುಖಗಳು ಕಪ್ಪಾಗಿ, ದಪ್ಪ ಗೆರೆಗಳಲ್ಲಿ ಕಾಣುತ್ತವೆ. ಚಿತ್ರಕಾರ ಬರೆದದ್ದು ಹಾಗಲ್ಲ, ಮೈಬಣ್ಣಕ್ಕೆ ಬಳಸಿದ ಸೀಸದ ಬಣ್ಣ ಶತಮಾನಗಳಲ್ಲಿ ಕಪ್ಪಾಗಿದೆ.

ಇಲ್ಲಿ ಟಿಕೆಟ್ಟಿನದೇ ದೊಡ್ಡ ತಲೆನೋವು. 'ಎ' ಟಿಕೆಟ್ 238 ಯುವಾನ್: ನಗರದ ಹೊರಗಿನ ಡಿಜಿಟಲ್ ಕೇಂದ್ರದಲ್ಲಿ ಎರಡು ಕಿರು ಸಿನಿಮಾಗಳು, ಅಲ್ಲಿಂದ ಗುಹೆಗಳಿಗೆ ಬಸ್ಸು, ಮಾರ್ಗದರ್ಶಕರ ಜೊತೆ 8 ಗುಹೆ. 'ಬಿ' ಟಿಕೆಟ್ 100 ಯುವಾನ್, ಸಿನಿಮಾಗಳಿಲ್ಲ, 4 ಗುಹೆ ಮಾತ್ರ. 'ಎ' ಆನ್‌ಲೈನ್‌ನಲ್ಲಿ ಒಂದು ತಿಂಗಳು ಮುಂಚೆ ತೆರೆಯುತ್ತದೆ, ಜುಲೈ-ಆಗಸ್ಟ್‌ನಲ್ಲಿ ಬೇಗ ಮುಗಿಯುತ್ತದೆ. ಆದ್ದರಿಂದ ಮೊದಲು ಈ ಟಿಕೆಟ್ ಹಿಡಿಯಿರಿ, ಆ ದಿನಾಂಕದ ಸುತ್ತ ಉಳಿದ ಪ್ರವಾಸ ಹೊಂದಿಸಿ. ಬಹಳಷ್ಟು ಜನ ವಿಮಾನ, ಹೋಟೆಲು ಎಲ್ಲ ಮುಗಿಸಿ ಕೊನೆಗೆ ಇಲ್ಲಿಗೆ ಬರುತ್ತಾರೆ, 'ಬಿ' ಟಿಕೆಟ್ಟಿಗೆ ಸಮಾಧಾನಪಡಬೇಕಾಗುತ್ತದೆ. ಯಾವ ಗುಹೆಗಳನ್ನು ತೋರಿಸುತ್ತಾರೆ ಎಂಬುದು ಆ ದಿನದ ಮಾತು, ಏಕೆಂದರೆ ಜನರ ಉಸಿರಿನ ತೇವ, ಇಂಗಾಲದ ಡೈಆಕ್ಸೈಡ್ ಹೆಚ್ಚಾದ ಗುಹೆಯನ್ನು ಮುಚ್ಚಿ ವಿಶ್ರಾಂತಿ ಕೊಡುತ್ತಾರೆ. 45, 57ರಂಥ ವಿಶೇಷ ಗುಹೆಗಳಿಗೆ ಬೇರೆ ಹಣ. ಸುಂದರ ಗುಹೆಗಳು ಇವೇ, ಮಾರ್ಗದರ್ಶಕರನ್ನು ಕೇಳಲು ಸಂಕೋಚ ಬೇಡ. ಒಳಗೆ ಫೋಟೋ ಇಲ್ಲ.

ಶಿಯಾನ್‌ನಿಂದ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. ವೇಗದ ರೈಲಾದರೆ ಲ್ಯುಯುವಾನ್ ದಕ್ಷಿಣ ನಿಲ್ದಾಣದಲ್ಲಿ ಇಳಿದು ಮುಂದೆ ಸುಮಾರು 120 ಕಿ.ಮೀ. ರಸ್ತೆ. ವಸಂತದಲ್ಲಿ ಮರಳುಗಾಳಿ ಏಳುತ್ತದೆ, ಸೆಪ್ಟೆಂಬರ್ ಒಳ್ಳೆಯದು.

ಚುವಾನ್‌ಝೌಗೆ ಆಗ್ನೇಯ ಕರಾವಳಿಯ ಶಿಯಾಮೆನ್ ನಗರದಿಂದ ರೈಲಿನಲ್ಲಿ ಅರ್ಧ ಗಂಟೆ ಸಾಕು. ಇಲ್ಲಿನ ಕೈಯುವಾನ್ ಬೌದ್ಧ ದೇವಾಲಯದ ಮುಖ್ಯ ಮಂದಿರದ ಹಿಂದಿನ ಮೊಗಸಾಲೆಗೆ ಹೋಗಿ. ಅಲ್ಲಿನ ಎರಡು ಕಂಬಗಳ ಮೇಲೆ ವಿಷ್ಣುವಿನ ಕಥೆಗಳ ಕೆತ್ತನೆಗಳಿವೆ. ದಕ್ಷಿಣ ಭಾರತದ ವ್ಯಾಪಾರಿಗಳು ಯುವಾನ್ ರಾಜವಂಶದ ಕಾಲದಲ್ಲಿ (13-14ನೇ ಶತಮಾನ) ಇದೇ ಊರಿನಲ್ಲಿ ಕಟ್ಟಿಸಿದ ಗುಡಿ ಹಾಳಾದ ಮೇಲೆ, ಅದರ ಕಲ್ಲುಗಳನ್ನು ಇಲ್ಲಿನ ದುರಸ್ತಿಗೆ ಬಳಸಿದ್ದು. ಜನ ಮುಂಬಾಗಿಲಲ್ಲಿ ಕೈಮುಗಿದು ಹಾಗೇ ಹಿಂದಿರುಗುತ್ತಾರೆ, ಹಿಂದೆ ಯಾರೂ ಇರುವುದಿಲ್ಲ. ಇದೇ ಊರಿನ ಕಡಲ ವಸ್ತುಸಂಗ್ರಹಾಲಯದಲ್ಲಿ ಆ ಕಾಲದ ಇನ್ನಷ್ಟು ಕಲ್ಲುಗಳಿವೆ, ಅದಕ್ಕೆ ಅರ್ಧ ದಿನ ಇಡಿ.

ಊಟದ ವಿಷಯ: ಸಸ್ಯಾಹಾರಿಗಳಾದರೆ 'ವೋ ಚ ಸು' ಎಂದು ಹೇಳಿ, ಚೀನೀ ಲಿಪಿಯಲ್ಲಿ ಬರೆದದ್ದನ್ನೂ ತೋರಿಸಿ. ತರಕಾರಿ ಪಲ್ಯಕ್ಕೂ ಕೊಚ್ಚಿದ ಹಂದಿಮಾಂಸ ಉದುರಿಸುವ ರೂಢಿ ಇದೆ. ಶಿಯಾನ್‌ನಲ್ಲಿ ಖಾರದೆಣ್ಣೆ ಹಾಕಿದ ತಣ್ಣನೆಯ ಲ್ಯಾಂಗ್‌ಪಿ ಎಂಬ ನೂಡಲ್ಸ್ ಸಾಮಾನ್ಯವಾಗಿ ಸಸ್ಯಾಹಾರಿಯೇ. ದೇವಾಲಯಗಳ ಬಳಿಯ ಬೌದ್ಧ ಹೋಟೆಲುಗಳಲ್ಲಿ ನಿಶ್ಚಿಂತೆಯಿಂದ ತಿನ್ನಬಹುದು.

ಹೊರಡುವ ಮುಂಚೆ ಅಲ್ಲಿ ಹಣ ಪಾವತಿಗೆ ಬಳಸುವ ಅಲಿಪೇ, ವೀಚಾಟ್ ಆ್ಯಪ್‌ಗಳೆರಡಕ್ಕೂ ನಿಮ್ಮ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ, ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವಹಿವಾಟು ತೆರೆಯಿರಿ. ಒಟಿಪಿಗಾಗಿ ಭಾರತದ ಸಿಮ್ ರೋಮಿಂಗ್‌ನಲ್ಲಿರಲಿ. ರೋಮಿಂಗ್ ಡೇಟಾದಲ್ಲಿ ವಾಟ್ಸ್‌ಆ್ಯಪ್ ನಡೆಯುತ್ತದೆ, ಹೋಟೆಲಿನ ವೈಫೈನಲ್ಲಿ ನಡೆಯುವುದಿಲ್ಲ. ಟಿಕೆಟ್‌ಗಳೆಲ್ಲ ಪಾಸ್‌ಪೋರ್ಟ್ ಹೆಸರಿಗೇ. ನಮ್ಮಲ್ಲಿ ಹಲವರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇರುತ್ತದೆ. ಹಾಗಿದ್ದರೆ ಕೆಳಗಿನ ಯಂತ್ರ ಓದುವ ಸಾಲಿನಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ ತುಂಬಿ. ರೈಲ್ವೆ ಟಿಕೆಟ್ 15 ದಿನ ಮುಂಚೆ ತೆರೆಯುತ್ತದೆ. ನಿಲ್ದಾಣದ ಸ್ವಯಂಚಾಲಿತ ಗೇಟು ನಮ್ಮ ಪಾಸ್‌ಪೋರ್ಟ್ ಓದದಿದ್ದರೆ ಸಿಬ್ಬಂದಿ ಇರುವ ಪಕ್ಕದ ಸಾಲಿಗೆ ಹೋಗಿ. ಒಳನಾಡಿನ ವಿಮಾನದಲ್ಲಿ ಚೀನಾದ ಸುರಕ್ಷತಾ ಪ್ರಮಾಣವಾದ '3ಸಿ' ಗುರುತಿಲ್ಲದ ಪವರ್ ಬ್ಯಾಂಕ್ ಬಿಡುವುದಿಲ್ಲ. ಅಕ್ಟೋಬರ್ 1ರಿಂದ 7ರವರೆಗೆ ಮಾತ್ರ ಯಾವ ಊರಿಗೂ ಹೋಗಬೇಡಿ, ಅದು ಇಡೀ ದೇಶ ಪ್ರವಾಸ ಹೊರಡುವ ವಾರ.