ಕ್ರಾಕೋವ್ ಲೇಖನ ಕಳಿಸಿದವರಿಗೆ

ನಮಸ್ಕಾರ. ನಿಮ್ಮ ಲೇಖನ ಓದಿದೆ. ಜರ್ಮನಿಯಲ್ಲಿ ಓದುತ್ತಿರುವ ನೀವು ಕಾಲೇಜಿನ ಗುಂಪಿನ ಜೊತೆ ಪೋಲೆಂಡಿನ ಕ್ರಾಕೋವ್‌ಗೆ ಹೋಗಿ, ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲಿನ ಹಳೆಯ ಯಹೂದಿ ಬಡಾವಣೆ ಕಾಜಿಮಿಯೆಷ್ ಸುತ್ತಿ ಬಂದ ಕಥೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. 1335ರಲ್ಲಿ ರಾಜ ತನ್ನ ಹೆಸರಲ್ಲೇ ಕಾಜಿಮಿಯೆಷ್ ಊರು ಕಟ್ಟಿಸಿದ, 1495ರಲ್ಲಿ ಕ್ರಾಕೋವ್‌ನ ಯಹೂದಿಗಳನ್ನು ಅಲ್ಲಿಗೆ ಕಳಿಸಿದರು, ಎರಡನೇ ಮಹಾಯುದ್ಧಕ್ಕೆ ಮೊದಲು ನಗರದ ಸುಮಾರು ನಾಲ್ಕು ಜನರಲ್ಲಿ ಒಬ್ಬರು ಯಹೂದಿ, ಎಲ್ಲ ಸರಿಯೇ. ಆದರೆ ಅದು ಗೈಡ್ ಹೇಳಿದ್ದು, ನೀವು ಸುಮ್ನೆ ಬರೆದುಕೊಂಡದ್ದು. ಮೂರನೇ ಪುಟದಲ್ಲಿ ಒಂದು ಸಾಲಿದೆ: ರೆಮು ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಬಾಗಿಲಲ್ಲಿ ಕೊಟ್ಟ ಕಿಪ್ಪಾ ಟೋಪಿ ಗಾಳಿಗೆ ಹಾರಿತು, ನೀವು ಸಮಾಧಿಗಳ ನಡುವೆ ಅದರ ಹಿಂದೆ ಓಡಿದಿರಿ, ಯಾರೋ ಒಬ್ಬ ಅಜ್ಜಿ ಹಿಡಿದುಕೊಟ್ಟು ನಕ್ಕರು. ಅದನ್ನು ಕಂಸದೊಳಗೆ ಹಾಕಿ ಮುಚ್ಚಿಟ್ಟಿದ್ದೀರಲ್ಲ, ನಾಚಿಕೆಯಾ? ಲೇಖನ ಅಲ್ಲಿಂದಲೇ ಶುರುವಾಗಲಿ.

ಅದೇ ಸ್ಮಶಾನದ ಗೋಡೆಯನ್ನು 'ಮನ ಕಲಕುವ ಗೋಡೆ' ಅಂತ ಮುಗಿಸಿದ್ದೀರಿ. ನನ್ನ ಮನ ಕಲಕಲಿಲ್ಲ, ಯಾಕೆಂದರೆ ನನಗೆ ಗೋಡೆ ಕಾಣಲೇ ಇಲ್ಲ. ನಾಜಿಗಳ ಕಾಲದಲ್ಲಿ ಒಡೆದುಹೋದ ಸಮಾಧಿ ಕಲ್ಲುಗಳ ಚೂರುಗಳನ್ನೇ ಯುದ್ಧ ಮುಗಿದ ಮೇಲೆ ಜೋಡಿಸಿ ಕಟ್ಟಿದ್ದು ಅದು. ಒಂದು ಚೂರಿನಲ್ಲಿ ಹೆಸರಿನ ಅರ್ಧ ಉಳಿದಿರುತ್ತದೆ, ಪಕ್ಕದ್ದು ಇನ್ಯಾರದ್ದೋ ಕಲ್ಲು. ಹೀಬ್ರೂ ಓದಲು ಬರುವುದಿಲ್ಲವೇ, ಹಾಗಂತಲೇ ಬರೆಯಿರಿ. 1572ರಲ್ಲಿ ತೀರಿಕೊಂಡ ರಬ್ಬಿ (ಯಹೂದಿ ಧರ್ಮಗುರು) ಮೋಶೆ ಇಸ್ಸರ್ಲೆಸ್ ಅವರ ಸಮಾಧಿ ಇಲ್ಲೇ ಇದೆ, ಆ ಹಾವಳಿಯಲ್ಲೂ ಉಳಿದದ್ದು. ಇಂಥ ಸಮಾಧಿಗಳ ಮೇಲೆ ಜನ ಚಿಕ್ಕ ಕಲ್ಲು ಇಟ್ಟು ಬರುತ್ತಾರೆ. ನೀವು ಇಟ್ಟಿರಾ? ಅಜ್ಜನ ಮನೆತನ ಇದೇ ಊರಿನದು ಅಂದ ಆ ಹುಡುಗಿ ಏನು ಮಾಡಿದಳು? 'ಮೌನವಾಗಿ ನಿಂತಿದ್ದಳು' ಅಂದಿದ್ದೀರಿ. ನಿಮ್ಮ ಲೇಖನದಲ್ಲಿ ಎಲ್ಲರೂ ಮೌನವಾಗಿಯೇ ನಿಂತಿದ್ದಾರೆ. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರ ಗುಂಪು ಬೆಳಿಗ್ಗೆಯಿಂದ ಸಂಜೆವರೆಗೆ ಬಾಯಿ ಬಿಡಲಿಲ್ಲ ಅಂದರೆ ನಾನು ನಂಬುವುದಿಲ್ಲ. ಯಾರಿಗೋ ಹಸಿವಾಗಿರುತ್ತದೆ, ಯಾರಿಗೋ ಶೂ ಕಚ್ಚಿರುತ್ತದೆ, ಯಾರೋ ತಪ್ಪು ಜಾಗದಲ್ಲಿ ನಕ್ಕಿರುತ್ತಾರೆ.

ಊಟದ ವಿಷಯ. ಪ್ಲಾಟ್ಸ್ ನೋವಿ ಚೌಕದಲ್ಲಿ ಜಪಿಯೆಕಾಂಕಾ (ಉದ್ದ ಬ್ರೆಡ್ ಸೀಳಿ ಅಣಬೆ, ಚೀಸ್ ಹಾಕಿ ಬಿಸಿ ಮಾಡಿದ್ದು) ಖುಷಿಯಾಗಿ ತಿಂದಿರಿ, ಆಮೇಲೆ 'ಇಂಥ ಜಾಗದಲ್ಲಿ ತಿನ್ನಬಾರದಿತ್ತೇನೋ' ಅಂತ ಕೊರಗಿದಿರಿ. ಕೊರಗು ಬೇಡ. ನೀವು ಸಾಲಿನಲ್ಲಿ ನಿಂತ ಆ ದುಂಡನೆಯ ಕಟ್ಟಡ ಯುದ್ಧಕ್ಕೆ ಮೊದಲು ಯಹೂದಿ ನೇಮದ ಪ್ರಕಾರ ಕೋಳಿ ಕೊಯ್ಯುವ ಜಾಗವಾಗಿತ್ತು. ಊಟಕ್ಕಾಗಿಯೇ ಜನ ಅಲ್ಲಿಗೆ ಬರುತ್ತಿದ್ದರು.

ಒಂದು ದೊಡ್ಡ ತಪ್ಪಿದೆ. ಗೆಟ್ಟೊ (ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಜಾಗ) ಕಾಜಿಮಿಯೆಷ್‌ನಲ್ಲಿತ್ತು ಅಂದಿದ್ದೀರಿ. ಇಲ್ಲ, ಅದು ವಿಸ್ಟುಲಾ ನದಿಯ ಆಚೆ, ಪೊಡ್ಗುಜೆಯಲ್ಲಿ. ಮಾರ್ಚ್ 1941ರಲ್ಲಿ ಯಹೂದಿಗಳನ್ನು ಹೊಳೆ ದಾಟಿಸಿ, ಮೊದಲು ಸುಮಾರು ಮೂರು ಸಾವಿರ ಜನ ಇದ್ದ ಜಾಗಕ್ಕೆ ಸುಮಾರು ಹದಿನೈದು ಸಾವಿರ ಜನರನ್ನು ತುಂಬಿದರು. ಎರಡು ವರ್ಷಕ್ಕೆ, ಮಾರ್ಚ್ 1943ರಲ್ಲಿ, ಅದನ್ನೂ ಖಾಲಿ ಮಾಡಿಸಿದರು. ನೀವೂ ಮಧ್ಯಾಹ್ನ ಅದೇ ಹೊಳೆ ದಾಟಿದ್ದೀರಿ, ಕಾಲುಸೇತುವೆಯ ಮೇಲೆ ಸೆಲ್ಫಿ ತೆಗೆದುಕೊಳ್ಳುತ್ತಾ. ಸೇತುವೆ 2010ರದ್ದು, ಹೊಸದು. ಸೆಲ್ಫಿಯನ್ನೂ ಬಿಡಬೇಡಿ. ಆದರೆ ಯಾವ ಹೊಳೆ ದಾಟುತ್ತಿದ್ದೀರಿ ಅನ್ನುವುದು ಓದುವವರಿಗೆ ಗೊತ್ತಿರಲಿ.

ಆಚೆ ದಡದ ಚೌಕದಲ್ಲಿ ಖಾಲಿ ಕಂಚಿನ ಕುರ್ಚಿಗಳಿವೆ. ಚೀಲ ಹಿಡಿದು ಒಂದರ ಮೇಲೆ ಕೂತಿದ್ದವರನ್ನು 'ಸಂವೇದನೆ ಇಲ್ಲದವರು' ಅಂತ ಬೈದಿದ್ದೀರಿ. ಇದು ನನಗೆ ಒಪ್ಪಿಗೆಯಿಲ್ಲ. ಗೆಟ್ಟೊ ಖಾಲಿಯಾದಾಗ ಆ ಚೌಕದ ತುಂಬ ಜನ ಬಿಟ್ಟುಹೋದ ಮೇಜು ಕುರ್ಚಿ ಬಿದ್ದಿದ್ದವು, ಅದರ ನೆನಪಿಗೆ 2005ರಲ್ಲಿ ಇವನ್ನು ಇಟ್ಟರು. ಅಂಚಿನಲ್ಲಿರುವ ಚಿಕ್ಕ ಕುರ್ಚಿಗಳು ಟ್ರಾಮ್ ನಿಲ್ದಾಣದ ಹತ್ತಿರವೇ ಇವೆ. ಅಲ್ಲಿ ಜನ ಕೂತು ಟ್ರಾಮ್ ಕಾಯುತ್ತಾರೆ. ಒಂದು ಕಾಲದಲ್ಲಿ ಸಾವಿಗೆ ಕಳಿಸಲು ಜನರನ್ನು ಸೇರಿಸಿದ್ದ ಜಾಗದಲ್ಲಿ ಈಗ ಒಬ್ಬರು ತರಕಾರಿ ಚೀಲ ಇಟ್ಟುಕೊಂಡು ಮನೆಗೆ ಹೋಗಲು ಕಾಯುತ್ತಿದ್ದಾರೆ, ನೀವು ಅವರನ್ನು ನೋಡಿ ಸಿಟ್ಟಾಗಿದ್ದೀರಿ. ಆ ಸಿಟ್ಟು ಸರಿಯಾ ಅಂತ ನಿಮ್ಮನ್ನೇ ಕೇಳಿಕೊಂಡು ಬರೆದರೆ ಲೇಖನದ ಗಟ್ಟಿ ಭಾಗ ಅದೇ ಆಗುತ್ತದೆ. ಅದೇ ಚೌಕದ ಮೂಲೆಯಲ್ಲಿ ಔಷಧಿ ಅಂಗಡಿ ನಡೆಸುತ್ತಾ ಗೆಟ್ಟೊದವರಿಗೆ ನೆರವಾದ ತಾದೇಉಷ್ ಪಾಂಕಿಯೆವಿಚ್ ಬಗ್ಗೆ ನೀವು ಬರೆದದ್ದು ಚೆನ್ನಾಗಿದೆ, ಮುಟ್ಟಬೇಡಿ.

ಹಂಪಿಯ ಹೋಲಿಕೆ ತೆಗೆಯಿರಿ. ನಮ್ಮ ಓದುಗರಿಗೆ ಹತ್ತಿರವಾಗಲಿ ಅಂತ ತಂದಿದ್ದೀರಿ, ಗೊತ್ತು. ಆದರೆ ಎರಡೂ ಕಡೆ ಕಲ್ಲು ಒಡೆದಿದೆ ಅನ್ನುವುದು ಬಿಟ್ಟರೆ ಬೇರೆ ಏನೂ ಹೊಂದುವುದಿಲ್ಲ, ಅಲ್ವಾ?

ಕೊನೆಯ ಪ್ಯಾರಾ, ಆ ಮಾನವೀಯತೆ, ಮನುಕುಲ ಎಲ್ಲ, ಪೂರ್ತಿ ಹೋಗಲಿ. ಎಂಟುನೂರು ಪದ ಮೀರದಂತೆ ಮತ್ತೆ ಬರೆದು ಕಳಿಸಿ. ಊರಿನ ಹೆಸರುಗಳನ್ನು ಮೊದಲಿಂದ ಕೊನೆವರೆಗೆ ಒಂದೇ ಥರ ಬರೆಯಿರಿ, ಈಗ ಕಾಜಿಮಿಯೆಷ್ ಮೂರು ರೂಪದಲ್ಲಿದೆ. ಫೋಟೊ ಎರಡು ಸಾಕು, ಸೇತುವೆಯ ಸೆಲ್ಫಿ ಇದ್ದರೆ ಅದನ್ನೂ ಕಳಿಸಿ.