ಬಡತನದಿಂದ ಸರ್ಕಾರದ ಖರ್ಚು, ಆದಾಯದ ಮೇಲೆ ಏನಾಗುತ್ತದೆ?

"ಬಡತನದ ಹೊರೆ ಅಂದರೆ ಸಬ್ಸಿಡಿ, ಪಿಂಚಣಿ ಇಷ್ಟೇ ಅಲ್ವಾ?" ಅಂತ ಕೇಳಿದ್ದೀರಿ. ಅವು ಕಣ್ಣಿಗೆ ಕಾಣುವ ಖರ್ಚು ಮಾತ್ರ. ನನ್ನ ಪ್ರಕಾರ ಜಾಸ್ತಿ ದುಡ್ಡು ಹೋಗುವುದು ಬೇರೆ ಬೇರೆ ಇಲಾಖೆಗಳ ಲೆಕ್ಕದಲ್ಲಿ. ಅಲ್ಲಿ ಬಡತನ ಅನ್ನೋ ಹೆಸರೇ ಇರುವುದಿಲ್ಲ.

ಬಿಪಿ ಇರುವ ಒಬ್ಬ ದಿನಗೂಲಿ ಕೆಲಸಗಾರನನ್ನೇ ತಗೊಳ್ಳಿ. ಕೈಯಲ್ಲಿ ಕಾಸಿಲ್ಲ ಅಂತ ಮಾತ್ರೆ ಬಿಡುತ್ತಾನೆ. ತಪಾಸಣೆಗೆ ಹೋದರೆ ಅವತ್ತಿನ ಕೂಲಿ ಹೋಗುತ್ತದೆ, ಹಾಗಾಗಿ ಹೋಗುವುದೂ ಇಲ್ಲ. ಕೆಲವು ವರ್ಷಗಳಲ್ಲಿ ಕಿಡ್ನಿ ಕೈಕೊಡುತ್ತದೆ. ಆಮೇಲೆ ವಾರಕ್ಕೆ 2-3 ಸಲ ಡಯಾಲಿಸಿಸ್, ಸರ್ಕಾರದ ದುಡ್ಡಲ್ಲಿ. ಅವನ ದುಡಿಮೆ ನಿಂತಿತು. ಜೊತೆಗೆ ಓಡಾಡುವ ಹೆಂಡತಿಯ ಕೆಲಸವೂ ಹೋಯಿತು. ಮಗ ಓದು ಬಿಟ್ಟು ಸಿಕ್ಕಿದ ಕೆಲಸಕ್ಕೆ ಸೇರಿದ. ಓದಿದ್ದರೆ ಮುಂದಿನ 30-40 ವರ್ಷ ಅವನಿಂದ ಬರಬಹುದಾಗಿದ್ದ ತೆರಿಗೆಯೂ ಖೋತಾ. ಡಯಾಲಿಸಿಸ್ ಖರ್ಚನ್ನು ಆರೋಗ್ಯ ಇಲಾಖೆ ಬರೆದಿಡುತ್ತದೆ. ಬಾರದ ತೆರಿಗೆಯನ್ನು ಯಾರು ಬರೆದಿಡುತ್ತಾರೆ?

ಬ್ರಿಟನ್‌ನಲ್ಲಿ ಜೋಸೆಫ್ ರೌನ್‌ಟ್ರೀ ಫೌಂಡೇಶನ್ ಎಂಬ, ಬಡತನದ ಬಗ್ಗೆ ಅಧ್ಯಯನ ಮಾಡುವ ಸಂಸ್ಥೆ 2016ರಲ್ಲಿ ಇಂಥದ್ದೇ ಲೆಕ್ಕ ಹಾಕಿತ್ತು. ಬಡತನದಿಂದ ಬೀಳುವ ಹೊರೆ ವರ್ಷಕ್ಕೆ ಸುಮಾರು 78 ಬಿಲಿಯನ್ ಪೌಂಡ್. ಅದರಲ್ಲಿ 69 ಬಿಲಿಯನ್ ಆಸ್ಪತ್ರೆ, ಶಾಲೆ, ಪೊಲೀಸ್‌ನಂಥ ಸೇವೆಗಳಿಗೇ ಹೋಗುತ್ತಿತ್ತು. ಈ ಸೇವೆಗಳಿಗೆ ಹಾಕುವ ಪ್ರತಿ 5 ಪೌಂಡ್‌ನಲ್ಲಿ 1 ಪೌಂಡ್ ಬಡತನದ ಕಾರಣಕ್ಕೆ! ಅಂದಾಜೇ ಅನ್ನಿ, ಆದರೂ ಸಣ್ಣದಲ್ಲ.

ಇದು ಶ್ರೀಮಂತ ದೇಶದ ಮಾತು. ಬಡ ದೇಶದಲ್ಲಿ ಕಥೆ ಉಲ್ಟಾ. ಅಲ್ಲಿ ಬಡತನ ಜಾಸ್ತಿ ಇದ್ದರೂ ಸರ್ಕಾರದ ಖರ್ಚು ಕಡಿಮೆ, ಯಾಕೆಂದರೆ ಖಜಾನೆಯಲ್ಲಿ ದುಡ್ಡೇ ಇಲ್ಲ. ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಒಕ್ಕೂಟ) ದೇಶಗಳಲ್ಲಿ ತೆರಿಗೆ ಸರಾಸರಿ ಜಿಡಿಪಿಯ 34% ಆಸುಪಾಸು. ಎಷ್ಟೋ ಬಡ ದೇಶಗಳು 15% ಕೂಡ ಮುಟ್ಟುವುದಿಲ್ಲ. ಹೆಚ್ಚಿನವರ ಸಂಪಾದನೆ ಹೊಟ್ಟೆಗೆ ಬಟ್ಟೆಗೆ ಸರಿಹೋಗುತ್ತದೆ. ವ್ಯವಹಾರವೆಲ್ಲ ನಗದಿನಲ್ಲಿ, ರಸೀದಿ ಇಲ್ಲ. ಅಂಥವರಿಂದ ಆದಾಯ ತೆರಿಗೆ ವಸೂಲಿಗೆ ಹೊರಟರೆ ಬರುವ ದುಡ್ಡಿಗಿಂತ ವಸೂಲಿ ಖರ್ಚೇ ಜಾಸ್ತಿ. ಅದಕ್ಕೇ ಸರ್ಕಾರ ಮಾರಾಟ ತೆರಿಗೆ, ಆಮದು ಸುಂಕವನ್ನು ನೆಚ್ಚಿಕೊಳ್ಳುತ್ತದೆ. ಅದನ್ನು ಸೋಪು ಕೊಳ್ಳುವ ಬಡವನೂ ಕಟ್ಟುತ್ತಾನೆ. (ಬಡವರು ತೆರಿಗೆನೇ ಕಟ್ಟಲ್ಲ ಅನ್ನೋದು ಸುಮ್ನೆ ಮಾತು.)

ಇನ್ನೊಂದು ತಾಪತ್ರಯ ಇದೆ. ಆರ್ಥಿಕತೆ ಕುಸಿದಾಗ ನೆರವು ಕೇಳುವವರು ಹೆಚ್ಚಾಗುತ್ತಾರೆ, ಅದೇ ಹೊತ್ತಿಗೆ ತೆರಿಗೆ ಇಳಿಯುತ್ತದೆ. ಶ್ರೀಮಂತ ದೇಶ ಕಡಿಮೆ ಬಡ್ಡಿಗೆ ಸಾಲ ತಂದು ನಿಭಾಯಿಸುತ್ತದೆ. ಬಡ ದೇಶಕ್ಕೆ ಸಾಲ ಸಿಕ್ಕರೂ ಬಡ್ಡಿ ದುಬಾರಿ. ಬಡ್ಡಿ ಕಟ್ಟದೆ ಇರುವ ಹಾಗಿಲ್ಲ, ಹಾಗಾಗಿ ಕತ್ತರಿ ಬೀಳುವುದು ಶಾಲೆ, ಆಸ್ಪತ್ರೆ, ರಸ್ತೆಗೆ ಇಟ್ಟ ಹಣದ ಮೇಲೆ.