ಓದುಗರ ಪ್ರಶ್ನೆ, ವೈದ್ಯರ ಉತ್ತರ: ಆತಂಕದ ಮಾತ್ರೆ ಮತ್ತು ಊಟ-ತಿಂಡಿ

ಪ್ರಶ್ನೆ: ಆತಂಕಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಚಕ್ಕೋತ ತಿನ್ನಲೇಬಾರದು ಅಂತ ಪರಿಚಯದವರು ಹೇಳಿದರು. ನಮ್ಮ ಹಿತ್ತಲಲ್ಲೇ ಮರ ಇದೆ. ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಅಂತ ಮಾಡಿಕೊಂಡರೆ ಆಗುವುದಿಲ್ಲವೇ?
– ಓದುಗರು, ದೇವನಹಳ್ಳಿ

ಉತ್ತರ: ಯಾವ ಮಾತ್ರೆ ಅಂತ ನೀವು ಬರೆದಿಲ್ಲ. ಉತ್ತರವೆಲ್ಲ ನಿಂತಿರುವುದು ಅದರ ಮೇಲೆಯೇ. ಸ್ಟ್ರಿಪ್ಪಿನಲ್ಲಿ ದಪ್ಪಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಪಕ್ಕದಲ್ಲೋ ಕೆಳಗೋ ಸಣ್ಣಕ್ಷರದಲ್ಲಿ ಔಷಧದ ಹೆಸರಿರುತ್ತದೆ. ಮೊದಲು ಅದನ್ನು ಓದಿ.

ಮಾತ್ರೆಯ ಜೊತೆ ತಿನ್ನಬಾರದವುಗಳ ವಿದೇಶದ ಪಟ್ಟಿಗಳಲ್ಲಿ ಬರುವ ಗ್ರೇಪ್‌ಫ್ರೂಟ್‌ಗೂ ದ್ರಾಕ್ಷಿಗೂ ಸಂಬಂಧವಿಲ್ಲ. ಅದು ಚಕ್ಕೋತ ಮತ್ತು ಕಿತ್ತಳೆ ಕೂಡಿ ಹುಟ್ಟಿದ ತಳಿ. ಗ್ರೇಪ್‌ಫ್ರೂಟ್, ಚಕ್ಕೋತ ಎರಡರಲ್ಲೂ ಫ್ಯೂರನೊಕೌಮರಿನ್ ಎಂಬ ವಸ್ತುಗಳಿವೆ. ಕೆಲವು ಔಷಧಗಳು ರಕ್ತ ಸೇರುವ ಮೊದಲೇ ಅವುಗಳ ಒಂದು ಪಾಲನ್ನು ಒಡೆದುಹಾಕುವ ಕಿಣ್ವ ನಮ್ಮ ಕರುಳಿನ ಗೋಡೆಯಲ್ಲಿದೆ. ಫ್ಯೂರನೊಕೌಮರಿನ್ ಈ ಕಿಣ್ವವನ್ನು ಕೆಡಿಸಿಬಿಡುತ್ತದೆ. ಕೆಟ್ಟದ್ದು ಮತ್ತೆ ಸರಿಹೋಗುವುದಿಲ್ಲ, ಕರುಳು ಹೊಸದಾಗಿ ತಯಾರಿಸಬೇಕು. ಅದಕ್ಕೆ ಒಂದರಿಂದ ಮೂರು ದಿನ ಬೇಕು. ಹಾಗಾಗಿ ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂಬ ಲೆಕ್ಕ ನಡೆಯುವುದಿಲ್ಲ.

ನಿಮ್ಮದು ಬಸ್ಪಿರೋನ್ ಆಗಿದ್ದರೆ ಚಕ್ಕೋತ ಬಿಟ್ಟುಬಿಡಿ. ದಿನಕ್ಕೆ ಹಲವು ಲೋಟ ಗ್ರೇಪ್‌ಫ್ರೂಟ್ ರಸ ಕುಡಿಸಿ ಮಾಡಿದ ಪರೀಕ್ಷೆಯಲ್ಲಿ ರಕ್ತದಲ್ಲಿನ ಬಸ್ಪಿರೋನ್ ಸರಾಸರಿ 9 ಪಟ್ಟು ಏರಿತ್ತು. ಡಯಾಜೆಪಾಮ್‌ಗೂ ಬೇಡ. ಅಲ್ಪ್ರಜೋಲಾಮ್‌ನ ಹೆಚ್ಚಿನ ಪಾಲು ಕರುಳಿನಲ್ಲಿ ಒಡೆಯದೆ ನೇರ ರಕ್ತಕ್ಕೆ ಹೋಗುವುದರಿಂದ ವ್ಯತ್ಯಾಸ ಅತ್ಯಲ್ಪ. ಲೊರಾಜೆಪಾಮ್ ಒಡೆಯುವ ದಾರಿಯೇ ಬೇರೆ, ಅದಕ್ಕೆ ಈ ಚಿಂತೆಯಿಲ್ಲ. ಸರ್ಟ್ರಾಲೀನ್ ಸ್ವಲ್ಪ ಏರಬಹುದು, ಚಕ್ಕೋತವನ್ನು ದಿನಾ ತಿನ್ನುವ ಅಭ್ಯಾಸ ಬೇಡ. ಮೂಸಂಬಿ, ಮಾಮೂಲಿ ಕಿತ್ತಳೆ, ನಿಂಬೆ ಷರಬತ್ತಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಪ್ರಶ್ನೆ: ಯಜಮಾನರಿಗೆ ರಾತ್ರಿ ಕ್ಲೊನಜೆಪಾಮ್ ಕೊಟ್ಟಿದ್ದಾರೆ. ಭಾನುವಾರ ಪಾರ್ಟಿ ಇದ್ದರೆ ಆ ದಿನ ಮಾತ್ರೆ ಬಿಟ್ಟು ಕುಡಿಯುತ್ತಾರೆ. ಇದು ಸರಿಯೇ? ಅಶ್ವಗಂಧಾರಿಷ್ಟವನ್ನೂ ಕುಡಿಯುತ್ತಾರೆ.
– ಓದುಗರು, ಹಾಸನ

ಉತ್ತರ: ಸರಿಯಲ್ಲ, ಎರಡು ಕಡೆಯಿಂದಲೂ ತಪ್ಪು. ಕ್ಲೊನಜೆಪಾಮ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 30ರಿಂದ 40 ಗಂಟೆ ಬೇಕು. ಶನಿವಾರ ರಾತ್ರಿ 10ಕ್ಕೆ ನುಂಗಿದ ಮಾತ್ರೆಯ ಅರ್ಧಕ್ಕಿಂತ ಹೆಚ್ಚು ಭಾನುವಾರ ರಾತ್ರಿ 8ಕ್ಕೆ ರಕ್ತದಲ್ಲೇ ಇರುತ್ತದೆ. ಅದರ ಮೇಲೆ ಮದ್ಯ ಬಿದ್ದರೆ ಮೆದುಳನ್ನು ಮಂಕಾಗಿಸುವ ಕೆಲಸ ಎರಡೂ ಸೇರಿ ಮಾಡುತ್ತವೆ: ತೂಕಡಿಕೆ, ತೊದಲು, ಜಾರಿ ಬೀಳುವುದು, ಜಾಸ್ತಿಯಾದರೆ ಉಸಿರೇ ನಿಧಾನವಾಗುವುದು. ಎಬ್ಬಿಸಿದರೂ ಏಳುತ್ತಿಲ್ಲ ಅಂದರೆ, ನಿದ್ದೆ ಮಾಡಲಿ ಬಿಡಿ ಅಂತ ಸುಮ್ಮನಿರದೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಇನ್ನೊಂದು ಕಡೆ, ಬಹಳ ದಿನ ತೆಗೆದುಕೊಂಡವರು ಡಾಕ್ಟರನ್ನು ಕೇಳದೆ ಥಟ್ಟನೆ ನಿಲ್ಲಿಸಿದರೆ ಕೈನಡುಕ, ನಿದ್ದೆಗೇಡು, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಬಿಡಬೇಕಾದದ್ದು ಮದ್ಯ.

ಅರಿಷ್ಟದ ಬಾಟಲಿ ತಿರುಗಿಸಿ ನೋಡಿ, ಮದ್ಯಸಾರದ ಪ್ರಮಾಣ ಬರೆದಿರುತ್ತದೆ, ಸಾಮಾನ್ಯವಾಗಿ 5ರಿಂದ 12 ಶೇಕಡಾ. 30 ಮಿ.ಲೀ. ಕುಡಿದರೆ ಹೊಟ್ಟೆಗೆ ಹೋಗುವ ಮದ್ಯಸಾರ ಹೆಚ್ಚೆಂದರೆ 3-4 ಮಿ.ಲೀ., ಒಂದು ಬಿಯರಿಗಿಂತ ಎಷ್ಟೋ ಕಡಿಮೆ. ನಮ್ಮ ತಕರಾರು ಹೆಚ್ಚಾಗಿ ಅಶ್ವಗಂಧದ ಬಗ್ಗೆಯೇ. ಅದೂ ಮಂಪರು ತರುತ್ತದೆ, ಅಪರೂಪಕ್ಕೆ ಲಿವರಿಗೆ ಪೆಟ್ಟು ಕೊಟ್ಟದ್ದೂ ಇದೆ. ಗಿಡಮೂಲಿಕೆ ತಾನೇ ಎಂದು ಡಾಕ್ಟರಿಂದ ಮುಚ್ಚಿಡಬೇಡಿ.

ಪ್ರಶ್ನೆ: ಮಾತ್ರೆ ಶುರುವಾದ ಮೇಲೆ ಫಿಲ್ಟರ್ ಕಾಫಿ ಕುಡಿದರೆ ಎದೆ ಡವಡವ ಅನ್ನುತ್ತದೆ, ರಾತ್ರಿ ನಿದ್ದೆಯಿಲ್ಲ.
– ಓದುಗರು, ಚಿಕ್ಕಮಗಳೂರು

ಉತ್ತರ: ನಿಮ್ಮದು ಫ್ಲುವಾಕ್ಸಮೀನ್ ಇರಬಹುದೇ, ನೋಡಿ. ಕೆಫೀನ್ ಅರ್ಧಕ್ಕಿಳಿಯಲು ಸಾಮಾನ್ಯವಾಗಿ 5 ಗಂಟೆ ಸಾಕು. ಈ ಔಷಧ ಕೆಫೀನ್ ಒಡೆಯುವ ಲಿವರಿನ ಕಿಣ್ವವನ್ನು ತಡೆಯುವುದರಿಂದ ಅದು 30 ಗಂಟೆಯವರೆಗೂ ಹೋಗುತ್ತದೆ. ನಿನ್ನೆಯ ಕಾಫಿ ಇಳಿಯುವ ಮೊದಲೇ ಇವತ್ತಿನದು ಸೇರುತ್ತದೆ. ಹುಟ್ಟುವ ನಡುಕ, ಎದೆಬಡಿತ ಆತಂಕದಂತೆಯೇ ಕಾಣುವುದರಿಂದ ಮಾತ್ರೆ ಸಾಲದು ಎಂದು ಡೋಸ್ ಏರಿಸುವ ಪ್ರಮಾದವೂ ಆಗುತ್ತದೆ. ಬೆಳಿಗ್ಗೆ ಅರ್ಧ ಲೋಟಕ್ಕೆ ಇಳಿಸಿ, ಚಿಕೋರಿ ಹೆಚ್ಚಿರುವ ಪುಡಿ ಬಳಸಿ (ಚಿಕೋರಿಯಲ್ಲಿ ಕೆಫೀನ್ ಇಲ್ಲ), ವಾರ ನೋಡಿ. ಎಸ್ಸಿಟಾಲೊಪ್ರಾಮ್‌ನಂಥ ಮಾತ್ರೆಯಾದರೆ ಕೆಫೀನ್ ಹೀಗೆ ಕೂಡಿಕೊಳ್ಳುವುದಿಲ್ಲ. ಆದರೂ ಕಾಫಿಯೇ ಆತಂಕ ಕೆರಳಿಸುವುದುಂಟು, ಸಂಜೆಯದನ್ನು ಬಿಡಿ.

ಪ್ರಶ್ನೆ: ಮೊಸರು, ಪನೀರ್, ಬಾಳೆಹಣ್ಣು ನಿಷಿದ್ಧ ಎಂಬ ವಾಟ್ಸಾಪ್ ಪಟ್ಟಿ ಬಂದಿದೆ.
– ಓದುಗರು, ಧಾರವಾಡ

ಉತ್ತರ: ಧಾರಾಳವಾಗಿ ತಿನ್ನಿ. ಅದು ಎಂಎಓಐ ಎಂಬ, ಈಗ ವಿರಳವಾಗಿ ಬರೆಯುವ ಹಳೇ ಗುಂಪಿನ ಔಷಧಗಳ ಪಥ್ಯ. ಅಲ್ಲೂ ಅಪಾಯ ಇರುವುದು ತಿಂಗಳುಗಟ್ಟಲೆ ಹಣ್ಣಾದ ಚೀಸ್, ಸೋಯಾ ಸಾಸ್‌ನಂಥವುಗಳಲ್ಲಿ, ತಾಜಾ ಪನೀರಿನಲ್ಲಲ್ಲ. ಪಟ್ಟಿಯಲ್ಲಿ ಬಾರದ ಒಂದನ್ನು ಮಾತ್ರ ನೋಡಿಕೊಳ್ಳಿ: ದಿನಾ ಬೆಳಿಗ್ಗೆ ನುಂಗುವ ಗ್ಯಾಸ್ಟ್ರಿಕ್ ಮಾತ್ರೆ. ಅದು ಒಮೆಪ್ರಜೋಲ್ ಆಗಿದ್ದು, ಆತಂಕದ್ದು ಎಸ್ಸಿಟಾಲೊಪ್ರಾಮ್ ಆಗಿದ್ದರೆ ರಕ್ತದಲ್ಲಿ ಎರಡನೆಯದರ ಮಟ್ಟ ಸುಮಾರು ಅರ್ಧದಷ್ಟು ಏರುತ್ತದೆ. ವಯಸ್ಸಾದವರಿಗೆ ಇದು ಮುಖ್ಯ. ಎರಡೂ ಸ್ಟ್ರಿಪ್ ಹಿಡಿದುಕೊಂಡೇ ಡಾಕ್ಟರ ಬಳಿ ಹೋಗಿ, ಪ್ಯಾಂಟೊಪ್ರಜೋಲ್‌ಗೆ ಬದಲಿಸಬಹುದೇ ಎಂದು ಕೇಳಿ.